ಮುಸ್ತಾಫಾ ಕಂಬಂ ಕಣಿವೆಗೆ ಬಂದರೆ

ಸಾಹಿತ್ಯ ಸಮಾವೇಶದ ಸ್ಮರಣ ಸಂಚಿಕೆಯಲ್ಲಿ ವಿಮರ್ಶೆಗೆಂದು ಮೀಸಲಾದ ಪುಟಗಳನ್ನು ಕಾವ್ಯಕ್ಕೋ ಕಾದಂಬರಿಗೋ ಕೊಡುವುದು ವಾಡಿಕೆ. ನಾವು ಈ ಸಲ ಅವನ್ನು ಕಾಲೇಜು ವಿದ್ಯಾರ್ಥಿಗಳು ಫೋನಿನಲ್ಲಿ ತೆಗೆಯುವ ಐದು ಹತ್ತು ನಿಮಿಷಗಳ ವಿಡಿಯೊಗಳಿಗೆ ಬಳಸಿಕೊಳ್ಳುತ್ತಿದ್ದೇವೆ. ಇದು ಕೆಲವರಿಗೆ ಹಗುರವಾದ ವಿಷಯವೆನಿಸಬಹುದು. ಆದರೆ ನಮ್ಮ ಸ್ಥಿತಿಯನ್ನು ನೆನೆಯಬೇಕು. ತೇನಿ, ಕಂಬಂ, ದಿಂಡಿಗಲ್ ಭಾಗದ ಒಕ್ಕಲಿಗ ಕಾಪ್ಪಿಲಿಯರ, ಅನುಪ್ಪರ, ದೇವಾಂಗ ನೇಕಾರರ ಮನೆಗಳಲ್ಲಿ ಕನ್ನಡ ತಲೆಮಾರುಗಳಿಂದ ಉಳಿದು ಬಂದಿರುವುದು ನಾಲಗೆಯ ಮೇಲೆ, ಕಾಗದದ ಮೇಲಲ್ಲ. ನಮ್ಮ ಮಕ್ಕಳು ಓದುವುದು ತಮಿಳಿನಲ್ಲಿ ಅಥವಾ ಇಂಗ್ಲಿಷಿನಲ್ಲಿ. ಕನ್ನಡದ ಅಕ್ಷರ ಬಲ್ಲವರು ಒಂದು ಬೀದಿಗೆ ಒಬ್ಬಿಬ್ಬರು. ಹೀಗಿರುವಾಗ ಇಲ್ಲಿಯ ಹುಡುಗರು ಕನ್ನಡದಲ್ಲಿ ಏನನ್ನಾದರೂ ರಚಿಸುವುದಾದರೆ ಅದು ಕೇಳುವ, ನೋಡುವ ರೂಪದಲ್ಲೇ ಮೊದಲು ಆಗಬೇಕು. ನಮ್ಮ ಪಾಲಿಗೆ ವಿಡಿಯೊ ಸಾಹಿತ್ಯದ ಹೊರಗಿನದಲ್ಲ. ಅದರ ಹೊಸ್ತಿಲು.

ಈ ಬಗೆಯ ವಿಡಿಯೊಗಳಲ್ಲಿ ವಿದ್ಯಾರ್ಥಿಗಳು ಮತ್ತೆ ಮತ್ತೆ ಎತ್ತಿಕೊಳ್ಳುವ ವಿಷಯ ಮತಸಾಮರಸ್ಯ, ಅದರಲ್ಲೂ ಮುಸಲ್ಮಾನರ ಬಗೆಗಿನ ಪೂರ್ವಗ್ರಹ. ವಿಷಯ ದೊಡ್ಡದು, ಉದ್ದೇಶ ಒಳ್ಳೆಯದು. ಆದರೂ ನೋಡಿ ಮುಗಿಸಿದ ಮೇಲೆ ನಮ್ಮೊಳಗೆ ಏನೂ ಅಲುಗಿರುವುದಿಲ್ಲ. ಯಾಕೆ ಎಂಬುದೇ ಈ ಲೇಖನದ ಪ್ರಶ್ನೆ.

ಇವುಗಳ ಕಥೆ ಬಹುಪಾಲು ಎರಡು ಅಚ್ಚುಗಳಲ್ಲಿ ಎರಕಗೊಂಡಿರುತ್ತದೆ. ಮೊದಲನೆಯದರಲ್ಲಿ ಗುಡಿ, ಮಸೀದಿ, ಚರ್ಚುಗಳ ಗೋಪುರಗಳು ಒಂದಾದ ಮೇಲೊಂದು ಕಾಣಿಸುತ್ತವೆ. ಮೂರು ಉಡುಪಿನ ಮೂವರು ಮಕ್ಕಳು ಕೈಹಿಡಿದು ನಡೆಯುತ್ತಾರೆ. ಎರಡನೆಯದರಲ್ಲಿ ಮುಸಲ್ಮಾನರನ್ನು ಕಂಡರಾಗದ ಒಬ್ಬನಿಗೆ ಅಪಘಾತವಾಗುತ್ತದೆ. ಅವನಿಗೆ ರಕ್ತ ಕೊಟ್ಟವನು ಮುಸಲ್ಮಾನ ಎಂಬುದು ಕೊನೆಗೆ ತಿಳಿಯುತ್ತದೆ. ಮಂಚದ ಮೇಲಿದ್ದವನ ಕಣ್ಣು ತುಂಬುತ್ತದೆ. ಹಿನ್ನೆಲೆಯಲ್ಲಿ ಅಬ್ದುಲ್ ಕಲಾಂ ಅವರ ಭಾವಚಿತ್ರ ಇದ್ದರೂ ಇರಬಹುದು.

ಎರಡನೆಯ ಅಚ್ಚಿನ ದೋಷವನ್ನು ಮೊದಲು ನೋಡೋಣ. ಇಲ್ಲಿ ಮುಸಲ್ಮಾನ ಪಾತ್ರಕ್ಕೆ ಸ್ವಂತ ಬದುಕೆಂಬುದಿಲ್ಲ. ಅವನು ಬರುವುದು ಇನ್ನೊಬ್ಬನನ್ನು ತಿದ್ದುವುದಕ್ಕಾಗಿ, ತಾನು ಒಳ್ಳೆಯವನೆಂದು ಸಾಬೀತುಪಡಿಸುವುದಕ್ಕಾಗಿ. ರಕ್ತ ಕೊಡದಿದ್ದರೆ ಏನಾಗುತ್ತಿತ್ತು? ಅವನು ಸಾಧಾರಣ ಮನುಷ್ಯನಾಗಿದ್ದರೆ, ಸ್ವಲ್ಪ ಜಿಪುಣನೂ ಸ್ವಲ್ಪ ಮುಂಗೋಪಿಯೂ ಆಗಿದ್ದರೆ, ಅವನ ಮೇಲಿನ ದ್ವೇಷ ನ್ಯಾಯವಾಗಿಬಿಡುತ್ತಿತ್ತೇ? ಪೂರ್ವಗ್ರಹದ ಬೇರು ಇರುವುದೇ ‘ನೀನು ಸಾಬೀತುಪಡಿಸು’ ಎಂಬ ಬೇಡಿಕೆಯಲ್ಲಿ. ಈ ಬಗೆಯ ವಿಡಿಯೊ ಆ ಬೇಡಿಕೆಯನ್ನು ಪ್ರಶ್ನಿಸದೆ ಅದನ್ನು ಪೂರೈಸುತ್ತದೆ. ಹಾಗಾಗಿ ಅದು ಖಂಡಿಸಬೇಕಾದುದನ್ನೇ ಪೋಷಿಸುತ್ತದೆ.

ಮೊದಲನೆಯ ಅಚ್ಚಿನ ಇತಿಹಾಸ ಇದಕ್ಕಿಂತ ಸ್ವಾರಸ್ಯವಾದುದು. ಮುಂಬಯಿಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ಅಧ್ಯಾಪಕರಾಗಿದ್ದ ಕೆ. ಪಿ. ಜಯಶಂಕರ್ ಮತ್ತು ಅಂಜಲಿ ಮೊಂತೇರೊ 2003ರಲ್ಲಿ ‘ನಾತಾ’ ಎಂಬ ಸಾಕ್ಷ್ಯಚಿತ್ರ ಮಾಡಿದರು. ನಾತಾ ಎಂದರೆ ನಂಟು. ಧಾರಾವಿಯ ಇಬ್ಬರು ಗೆಳೆಯರು, ಒಬ್ಬ ಹಿಂದೂ, ಒಬ್ಬ ಮುಸಲ್ಮಾನ, ಗಲಭೆಯ ನಂತರದ ದಿನಗಳಲ್ಲಿ ಓಣಿ ಓಣಿಗಳಲ್ಲಿ ಶಾಂತಿ ಸಮಿತಿಗಳ ಜೊತೆ ದುಡಿದದ್ದೇ ಅದರ ವಸ್ತು. ಬೇರೆ ಬೇರೆ ಮತಗಳ ಉಡುಪು ತೊಟ್ಟ ಮಕ್ಕಳನ್ನು ಒಟ್ಟಿಗೆ ನಿಲ್ಲಿಸಿದ ಭಿತ್ತಿಚಿತ್ರ ಅಲ್ಲಿ ಆ ಗೆಳೆಯರ ಕೆಲಸದ ಭಾಗವಾಗಿತ್ತು. ಸುಟ್ಟ ಮನೆಗಳ ನೆನಪು ಆರದ ಓಣಿಯ ಗೋಡೆಯ ಮೇಲೆ ಅಂಥ ಚಿತ್ರ ಅಂಟಿಸುವುದಕ್ಕೆ ಎದೆಗಾರಿಕೆ ಬೇಕಿತ್ತು. ಅದೇ ಚಿತ್ರವನ್ನು ಯಾವ ಅಪಾಯವೂ ಇಲ್ಲದ ಕಾಲೇಜಿನ ಸಭಾಂಗಣದಲ್ಲಿ ಮರಳಿ ತೋರಿಸಿದರೆ ಅದು ಅಲಂಕಾರ ಮಾತ್ರವಾಗುತ್ತದೆ. ಒಂದು ರೂಪಕ ಎಲ್ಲಿ ನಿಂತು ಮಾತಾಡುತ್ತಿದೆ ಎಂಬುದರಿಂದ ಅದಕ್ಕೆ ಬೆಲೆ ಬರುತ್ತದೆಯೇ ಹೊರತು ಅದರ ಆಕಾರದಿಂದಲ್ಲ.

ಅದೇ ಸಂಸ್ಥೆಯ ವಿದ್ಯಾರ್ಥಿಗಳು 1992–93ರ ಮುಂಬಯಿ ಗಲಭೆಗಳ ನೆನಪನ್ನು ಕುರಿತು, ಎರಡು ದಶಕಗಳ ಬಳಿಕ, ಕಿರುಚಿತ್ರಗಳ ಒಂದು ಸರಣಿಯನ್ನೇ ಮಾಡಿದರು. ಅವುಗಳಲ್ಲೊಂದು, ಮಸೀದಿಯ ಬಳಿ ಪೊಲೀಸರ ಗುಂಡೇಟು ತಿಂದು, ಗಲಭೆಕೋರನೆಂಬ ಆರೋಪವನ್ನೂ ಹೊತ್ತು, ವರ್ಷಗಟ್ಟಲೆ ನ್ಯಾಯಾಲಯಕ್ಕೆ ಅಲೆದು ಕೊನೆಗೆ ಖುಲಾಸೆಯಾದ ಬ್ಯಾಂಕ್ ನೌಕರನ ಕಥೆ. ನಾವು ಗಮನಿಸಬೇಕಾದದ್ದು ಆ ಹುಡುಗರು ಆರಿಸಿಕೊಂಡ ದಾರಿಯನ್ನು. ಅವರು ‘ಮುಸಲ್ಮಾನರು’ ಎಂಬ ಬಹುವಚನವನ್ನು ಬಿಟ್ಟು ಒಬ್ಬ ಮನುಷ್ಯನನ್ನು, ಒಂದು ದಿನಾಂಕವನ್ನು, ಒಂದು ಜಾಗವನ್ನು ಹಿಡಿದರು. ಅನುಕಂಪವನ್ನು ಬೇಡಲಿಲ್ಲ. ನಡೆದದ್ದೇನೆಂದು ಕೇಳಿದರು. ವಿದ್ಯಾರ್ಥಿಯ ಕೆಲಸಕ್ಕೆ ಇದಕ್ಕಿಂತ ದೊಡ್ಡ ಅಳತೆಗೋಲು ಬೇಕಿಲ್ಲ.

ಇನ್ನು ಕನ್ನಡದೊಳಗೆ ಬರೋಣ. ಪೂರ್ಣಚಂದ್ರ ತೇಜಸ್ವಿಯವರ ‘ಅಬಚೂರಿನ ಪೋಸ್ಟಾಫೀಸು’ ಸಂಕಲನ 1973ರದು. ಅದರಲ್ಲಿರುವ ‘ತಬರನ ಕಥೆ’ಯನ್ನು ಗಿರೀಶ ಕಾಸರವಳ್ಳಿಯವರು ಚಿತ್ರವಾಗಿಸಿದಾಗ ತಬರನಾದವರು ತಮಿಳುನಾಡಿನ ಚಾರುಹಾಸನ್ ಎಂಬುದನ್ನು ನಮ್ಮ ಭಾಗದವರು ಹೆಮ್ಮೆಯಿಂದ ನೆನೆಯುವುದುಂಟು. ಅದೇ ಸಂಕಲನದ ‘ಡೇರ್‌ಡೆವಿಲ್ ಮುಸ್ತಾಫಾ’ ಕಥೆ ಐವತ್ತು ವರ್ಷಗಳ ಬಳಿಕ, 2023ರ ಮೇ ತಿಂಗಳಲ್ಲಿ, ಶಶಾಂಕ್ ಸೋಗಾಲ್ ಅವರ ನಿರ್ದೇಶನದಲ್ಲಿ ತೆರೆಗೆ ಬಂತು. ತೇಜಸ್ವಿಯವರ ನೂರರಷ್ಟು ಮಂದಿ ಓದುಗರು ಹಣ ಕೂಡಿಸಿ ನಿರ್ಮಿಸಿದ ಚಿತ್ರ ಅದು. ಕರ್ನಾಟಕ ಸರ್ಕಾರ ಅದಕ್ಕೆ ತೆರಿಗೆ ವಿನಾಯಿತಿಯನ್ನೂ ಕೊಟ್ಟಿತು. ಅದಕ್ಕೆ ಒಂದು ವರ್ಷ ಮೊದಲಷ್ಟೇ, 2022ರ ಆರಂಭದಲ್ಲಿ, ಉಡುಪಿಯಿಂದ ಹೊರಟ ಹಿಜಾಬ್ ವಿವಾದ ಆ ರಾಜ್ಯದ ಕಾಲೇಜುಗಳನ್ನು ಕದಡಿತ್ತು. ತರಗತಿಯ ಬಾಗಿಲಲ್ಲಿ ನಿಂತ ಮುಸಲ್ಮಾನ ವಿದ್ಯಾರ್ಥಿಯ ಕಥೆಯನ್ನು ಆ ಹೊತ್ತಿನಲ್ಲಿ ನಗುನಗುತ್ತ ಹೇಳಲು ಹೊರಟವರ ಧೈರ್ಯವನ್ನು ಮೆಚ್ಚಲೇಬೇಕು.

ಕಥೆಯ ಶಕ್ತಿ ಎಲ್ಲಿದೆ? ಹಿಂದೂ ಹುಡುಗರೇ ತುಂಬಿದ ಕಾಲೇಜಿಗೆ ಒಬ್ಬನೇ ಒಬ್ಬ ಮುಸಲ್ಮಾನ ಹುಡುಗ ಬರುತ್ತಾನೆ. ಅವನಿಗಿಂತ ಮೊದಲು ಬರುವುದು ಅವನ ಹೆಸರು. ಆ ಹೆಸರಿನ ಸುತ್ತ ಹುಡುಗರ ಕಲ್ಪನೆ ಹುತ್ತ ಕಟ್ಟುತ್ತದೆ. ಮನುಷ್ಯ ಎದುರಿಗಿಲ್ಲದಿರುವಾಗಲೇ ಅವನ ಬಗ್ಗೆ ತೀರ್ಮಾನ ಮುಗಿದಿರುತ್ತದೆ. ಪೂರ್ವಗ್ರಹ ಎಂಬ ಪದದ ಅರ್ಥವೇ ಅದಲ್ಲವೇ? ಕಾಣುವ ಪೂರ್ವದಲ್ಲೇ ಗ್ರಹಿಸಿಬಿಡುವುದು. ಮುಖ್ಯವಾಗಿ, ಕಥೆ ಹೇಳುವವನು ಆ ತರಗತಿಯ ಹುಡುಗರಲ್ಲೇ ಒಬ್ಬ. ಅವನು ಹೊರಗೆ ನಿಂತು ನೀತಿ ಹೇಳುವುದಿಲ್ಲ. ತಾನೂ ಸೇರಿದ್ದ ದಡ್ಡತನವನ್ನು ನೆನೆದು ನಗುತ್ತಾನೆ. ನಗುವವನು ತಪ್ಪೊಪ್ಪಿಕೊಳ್ಳುತ್ತಿದ್ದಾನೆ ಎಂದು ನಮಗೆ ತಿಳಿಯುವ ಹೊತ್ತಿಗೆ ನಾವೂ ಅವನ ಜೊತೆ ಒಪ್ಪಿಕೊಂಡಾಗಿರುತ್ತದೆ.

ಚಿತ್ರ ಈ ನಗುವನ್ನು ಬಹುಮಟ್ಟಿಗೆ ಉಳಿಸಿಕೊಂಡಿದೆ. ಆದರೆ ಅದರ ಕೊನೆಯ ಭಾಗವನ್ನು ಕ್ರಿಕೆಟ್ ತುಂಬುವಾಗ ಒಂದು ಹಳೆಯ ಬೇಡಿಕೆ ಹಿಂಬಾಗಿಲಿನಿಂದ ಒಳಗೆ ಬರುತ್ತದೆ. ಮುಸ್ತಾಫಾ ಸಮರ್ಥ, ಆದ್ದರಿಂದ ಅವನು ನಮ್ಮವನು. ಅವನಿಗೆ ಆಟವೇ ಬರದಿದ್ದರೆ? ಹೆಸರಿಗೆ ‘ಡೇರ್‌ಡೆವಿಲ್’ ಎಂಬ ವಿಶೇಷಣವೇ ಇರದಿದ್ದರೆ? ಅಪಘಾತದಲ್ಲಿ ರಕ್ತ ಕೊಟ್ಟವನ ನೆರಳು ಇಲ್ಲಿಯೂ ತುಸು ಬಿದ್ದಿದೆ. ಇದನ್ನು ನಾವು ಚಿತ್ರವನ್ನು ಹಳಿಯಲು ಹೇಳುತ್ತಿಲ್ಲ. ಒಳ್ಳೆಯ ಕೃತಿಯಲ್ಲೂ ಆ ಅಚ್ಚು ಎಷ್ಟು ಬಲವಾಗಿ ಎಳೆಯುತ್ತದೆ ಎಂಬುದನ್ನು ವಿದ್ಯಾರ್ಥಿಗಳು ಕಾಣಲೆಂದು ಹೇಳುತ್ತಿದ್ದೇವೆ.

ಈ ಎಳೆತಕ್ಕೆ ಒಳಗಾಗದ ಕನ್ನಡ ಚಿತ್ರವೆಂದರೆ ಕಾಸರವಳ್ಳಿಯವರ ‘ಗುಲಾಬಿ ಟಾಕೀಸು’. 2008ರ ಈ ಚಿತ್ರಕ್ಕೆ ಆಧಾರ ವೈದೇಹಿಯವರ ಕಥೆ. ಆದರೆ ಕಾಸರವಳ್ಳಿ ಗುಲಾಬಿಯನ್ನು ಕರಾವಳಿಯ ಮೀನುಗಾರರ ನಡುವೆ ಬದುಕುವ ಮುಸಲ್ಮಾನ ಸೂಲಗಿತ್ತಿಯನ್ನಾಗಿ ಮಾಡಿ, ಕಾಲವನ್ನು ಕಾರ್ಗಿಲ್ ಯುದ್ಧದ ಹೊತ್ತಿಗೆ ತಂದರು. ಉಮಾಶ್ರೀ ಅವರಿಗೆ ರಾಷ್ಟ್ರಪ್ರಶಸ್ತಿ ತಂದ ಪಾತ್ರವದು. ಗುಲಾಬಿ ಸಂತಳಲ್ಲ. ಸಿನಿಮಾದ ಹುಚ್ಚು ಹಿಡಿದವಳು, ಗಂಡನಿಂದ ದೂರವಾದವಳು, ಆಸೆಬುರುಕಿ. ಹೆರಿಗೆ ಮಾಡಿಸಿದ್ದಕ್ಕೆ ಪ್ರತಿಯಾಗಿ ಅವಳ ಮನೆಗೆ ಟೀವಿ ಬರುತ್ತದೆ. ಊರಿನ ಹೆಂಗಸರು ಅದರ ಮುಂದೆ ಸೇರುತ್ತಾರೆ. ಅವಳ ಕೈಯಲ್ಲಿ ಹುಟ್ಟಿದ ಮಕ್ಕಳ ಊರೇ ಕೊನೆಗೆ ಅವಳನ್ನು ದೋಣಿ ಹತ್ತಿಸಿ ಕಳಿಸುತ್ತದೆ. ಮೀನುಗಾರಿಕೆಯಲ್ಲಿ ಹುಟ್ಟಿದ ವ್ಯಾಪಾರದ ಪೈಪೋಟಿ ಮತದ ಜಗಳದ ವೇಷ ತೊಡುವುದನ್ನೂ, ದೂರದ ಯುದ್ಧ ಟೀವಿಯ ಮೂಲಕ ಅಡುಗೆಮನೆಗೆ ಬರುವುದನ್ನೂ ಚಿತ್ರ ತೋರಿಸುತ್ತದೆ.

ಅಬಚೂರಿನಲ್ಲಿ ಪೂರ್ವಗ್ರಹ ಹುಟ್ಟುವುದು ಅಪರಿಚಯದಿಂದ. ಪರಿಚಯವಾದೊಡನೆ ಅದು ಕರಗಬಹುದೆಂಬ ಭರವಸೆ ಅಲ್ಲಿದೆ. ಗುಲಾಬಿಯ ಊರಿನಲ್ಲಿ ಪರಿಚಯಕ್ಕೆ ಏನೂ ಕೊರತೆಯಿಲ್ಲ. ಆ ಊರನ್ನು ಭೂಮಿಗೆ ಇಳಿಸಿಕೊಂಡವಳೇ ಅವಳು. ಆದರೂ ಅದು ಅವಳನ್ನು ಉಳಿಸಲಿಲ್ಲ. ‘ಒಬ್ಬರನ್ನೊಬ್ಬರು ಅರಿತರೆ ಸಾಕು’ ಎಂಬ ಮಾತನ್ನು ಸಲೀಸಾಗಿ ಆಡುವ ನಾವೆಲ್ಲ ಈ ಚಿತ್ರದ ಮುಂದೆ ಒಮ್ಮೆ ಕೂರಬೇಕು. ಬಾನು ಮುಷ್ತಾಕ್ ಅವರ ‘ಕರಿ ನಾಗರಗಳು’ ಕಥೆಯನ್ನು ಆಧರಿಸಿದ, ಕಾಸರವಳ್ಳಿಯವರದೇ ಆದ ‘ಹಸೀನಾ’ (2004) ಮತ್ತೊಂದು ಪಾಠ ಹೇಳುತ್ತದೆ. ಗಂಡ ಕೈಬಿಟ್ಟ ಹೆಣ್ಣು ತನ್ನ ಮಸೀದಿಯ ಹಿರಿಯರ ಮುಂದೆ ನ್ಯಾಯ ಕೇಳುವ ಕಥೆ ಅದು. ಸಮುದಾಯವನ್ನು ಹೊರಗಿನ ದ್ವೇಷದಿಂದ ಕಾಪಾಡುವುದೆಂದರೆ ಅದರೊಳಗಿನ ಹೆಣ್ಣುಮಗಳ ದೂರನ್ನು ಮುಚ್ಚಿಡುವುದಲ್ಲ. 2025ರಲ್ಲಿ ಬಾನು ಅವರ ಕಥೆಗಳಿಗೆ, ದೀಪಾ ಭಾಸ್ತಿಯವರ ಅನುವಾದದ ಮೂಲಕ, ಅಂತರರಾಷ್ಟ್ರೀಯ ಬೂಕರ್ ಬಹುಮಾನ ಬಂದಾಗ ನಮ್ಮ ಸಂಘದವರೂ ಸಿಹಿ ಹಂಚಿದ್ದೇವೆ. ಆ ಕಥೆಗಳ ಧೈರ್ಯದಲ್ಲಿ ಒಂದು ಪಾಲನ್ನೂ ನಾವು ತೆಗೆದುಕೊಳ್ಳಬೇಕು.

ಈಗ ಮುಸ್ತಾಫಾ ನಮ್ಮ ಕಣಿವೆಗೆ ಬಂದನೆಂದು ಭಾವಿಸೋಣ. ಮೊದಲಿಗೇ ಕಥೆ ಮಗುಚಿಕೊಳ್ಳುತ್ತದೆ. ಉತ್ತಮಪಾಳೆಯದ ಹಾಜಿ ಕರುತ್ತ ರಾವುತ್ತರ್ ಹೌದಿಯಾ ಕಾಲೇಜು 1956ರಲ್ಲಿ ಆರಂಭವಾಯಿತು. ಈ ಕಣಿವೆಯ ಎಲ್ಲ ಜಾತಿಗಳ ಮಕ್ಕಳು, ನಮ್ಮ ಒಕ್ಕಲುಮಕ್ಕಳೂ ಸೇರಿ, ಮೊದಲ ಪದವಿ ಪಡೆದದ್ದು ಒಬ್ಬ ರಾವುತ್ತರ ಹೆಸರು ಹೊತ್ತ ಬಾಗಿಲಿನೊಳಗೆ ಹೋಗಿ. ಅಬಚೂರಿನಲ್ಲಿ ಒಬ್ಬ ಮುಸಲ್ಮಾನ ಹಿಂದೂಗಳ ತರಗತಿಗೆ ಬಂದ. ಇಲ್ಲಿ ನಾವು ಮುಸಲ್ಮಾನರು ಕಟ್ಟಿಸಿದ ತರಗತಿಗೆ ಹೋದೆವು. ಹಾಜರಿ ಕೂಗಿದಾಗ ವಿಚಿತ್ರವೆನಿಸಬೇಕಾದದ್ದು ಯಾರ ಹೆಸರು?

ರಾವುತ್ತರ್ ಎಂಬ ಪದವನ್ನೇ ತೆಗೆದುಕೊಳ್ಳಿ. ಕುದುರೆ ಸವಾರನಿಗೆ ಹಳೆಯ ಕನ್ನಡದಲ್ಲಿರುವ ‘ರಾವುತ’ ಎಂಬ ಪದದ ನಂಟು ಅದು. ನಮ್ಮ ಪೆರಿಯಾರ್ ನಾಲೆಯ ನೀರು ಕುಡಿದು ಬೆಳೆದ ಅದೇ ಭತ್ತ, ಅದೇ ದ್ರಾಕ್ಷಿ ಅವರ ತೋಟದಲ್ಲೂ ಇದೆ. ಅವರ ಮನೆಮಾತು ತಮಿಳು. ಈ ನೆಲದಲ್ಲಿ ಮನೆಯೊಳಗೆ ಬೇರೆ ಭಾಷೆ ಆಡುವವರು ನಾವು, ಅವರಲ್ಲ. ತೆಂಕಣ ತಮಿಳುನಾಡಿನ ಊರುಗಳಲ್ಲಿ ಹಿಂದೂಗಳೂ ಮುಸಲ್ಮಾನರೂ ‘ಮಾಮ’, ‘ಮಚ್ಚಾನ್’ ಎಂದು ನಂಟಿನ ಹೆಸರು ಹಿಡಿದು ಕರೆದುಕೊಳ್ಳುವ ರೂಢಿ ಇನ್ನೂ ಪೂರ್ತಿ ಅಳಿದಿಲ್ಲ.

ಹಾಗಾದರೆ ಇಲ್ಲಿ ಪೂರ್ವಗ್ರಹವೇ ಇಲ್ಲವೇ? ಇದೆ. ಅದನ್ನು ಹೊರಗಿನಿಂದ ಫೋನು ತರುತ್ತದೆ ಎನ್ನುವುದು ಅರ್ಧ ನಿಜ. ಬಿತ್ತನೆಗೆ ಬೀಜ ಹೊರಗಿನಿಂದ ಬರಬಹುದು, ಆದರೆ ಹದಗೊಂಡ ನೆಲ ನಮ್ಮದೇ.

ಆ ನೆಲದಲ್ಲಿ ಮೊದಲು ಕಾಣುವುದು ನಮ್ಮ ವಲಸೆಯ ಕಥೆ. ಥರ್ಸ್ಟನ್ ಮತ್ತು ರಂಗಾಚಾರಿ 1909ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಸಂಪುಟಗಳಲ್ಲಿ ತೊಟ್ಟಿಯರ ಐತಿಹ್ಯವೊಂದಿದೆ. ತುಂಗಭದ್ರೆಯ ಆಚೆ ಇದ್ದವರು ತಮ್ಮ ಹೆಣ್ಣುಗಳನ್ನು ಕೇಳಿದ ಮುಸಲ್ಮಾನರಿಗೆ ಹೆದರಿ ರಾತ್ರೋರಾತ್ರಿ ತೆಂಕಣಕ್ಕೆ ಹೊರಟರು. ತುಂಬಿದ ಹೊಳೆ ಅಡ್ಡ ಬಂದಾಗ ಎರಡೂ ದಡದ ಹೊಂಗೆಮರಗಳು ಬಾಗಿ ಸೇತುವೆಯಾದವು. ಇವರು ದಾಟಿದ ಮೇಲೆ ಮರಗಳು ನೆಟ್ಟಗಾದವು, ಬೆನ್ನಟ್ಟಿದವರು ಆಚೆ ದಡದಲ್ಲೇ ಉಳಿದರು. ಅನುಪ್ಪರ ವಲಸೆಯ ಕಥೆಯೂ ಇದೇ ಜಾಡಿನದೆಂದು ಆ ಸಂಪುಟಗಳು ಹೇಳುತ್ತವೆ. ನಮ್ಮ ಮನೆಗಳ ಅಜ್ಜಿಯರು ಇಂಥ ಕಥೆಗಳನ್ನು ಹೇಳುತ್ತಲೇ ನಮ್ಮನ್ನು ಮಲಗಿಸಿದ್ದಾರೆ.

ಕಥೆ ಸುಂದರವಾಗಿದೆ. ಮರಗಳೂ ಕರುಣೆ ತೋರಿದವೆಂಬ ಕಲ್ಪನೆ ನೆಲೆ ತಪ್ಪಿದವರ ಎದೆಯಿಂದಲ್ಲದೆ ಹುಟ್ಟಲಾರದು. ಅಜ್ಜಿಯ ಬಾಯಿಂದ ಅದನ್ನು ಕಿತ್ತುಕೊಳ್ಳಬೇಕೆಂದು ನಾವು ಹೇಳುವುದಿಲ್ಲ. ಆದರೆ ವಿಮರ್ಶಕ ಕೇಳಬೇಕಾದ ಪ್ರಶ್ನೆ ಬೇರೆ: ಇದು ಏನನ್ನು ನೆನಪಿಡುತ್ತದೆ, ಏನನ್ನು ಮರೆಯುತ್ತದೆ? ಯುದ್ಧ, ಬರ, ತೆರಿಗೆ, ಹೊಸ ನೆಲದ ಆಸೆ, ಪಾಳೆಯಗಾರರ ಕರೆ, ಹೀಗೆ ಜನರನ್ನು ತೆಂಕಣಕ್ಕೆ ತಂದ ಕಾರಣಗಳು ಹತ್ತಾರು ಇದ್ದಿರಬೇಕು. ಕಥೆ ಅವನ್ನೆಲ್ಲ ಒಂದೇ ಮುಖಕ್ಕೆ ಇಳಿಸಿದೆ. ಆ ಮುಖಕ್ಕೆ ಹೆಸರಿಲ್ಲ, ಊರಿಲ್ಲ, ಕಾಲವಿಲ್ಲ. ಹೆಸರಿಲ್ಲದ ಮುಖವನ್ನು ಯಾರಿಗೆ ಬೇಕಾದರೂ ತೊಡಿಸಬಹುದು. ಇಂದು ಫೋನಿಗೆ ಬರುವ ಸುಳ್ಳುಸುದ್ದಿ ಅದನ್ನು ಕಂಬಂ ಪೇಟೆಯಲ್ಲಿ ಅಂಗಡಿ ತೆರೆದು ಕೂತ, ತಮಿಳನ್ನಲ್ಲದೆ ಬೇರೆ ಮಾತರಿಯದ ರಾವುತ್ತರಿಗೆ ತೊಡಿಸುತ್ತದೆ.

ಪದಗಳ ಕಥೆಯೂ ಹೀಗೆಯೇ. ಕನ್ನಡದ ‘ತುರುಕ’, ತಮಿಳಿನ ‘ತುಲುಕ್ಕನ್’ ನಮ್ಮ ಮಾತಿನಲ್ಲಿ ತಿರಸ್ಕಾರದ ದನಿ ಹೊತ್ತಿವೆ. ಆದರೆ ಅದೇ ಪದ ಶ್ರೀರಂಗದಲ್ಲಿ ತುಲುಕ್ಕ ನಾಚ್ಚಿಯಾರ್ ಆಗಿ ರಂಗನಾಥನ ಸನ್ನಿಧಿಯಲ್ಲಿದೆ. ಸುಲ್ತಾನನ ಮಗಳೆಂದು ಐತಿಹ್ಯ ಹೇಳುವ ಆಕೆಯ ಸಲುವಾಗಿ ಅಲ್ಲಿ ರೊಟ್ಟಿಯ ನೈವೇದ್ಯ ಇಂದಿಗೂ ಆಗುತ್ತದೆ. ಮೇಲುಕೋಟೆಯಲ್ಲಿ ಆಕೆಯೇ ಬೀಬಿ ನಾಚ್ಚಿಯಾರ್, ಚೆಲುವನಾರಾಯಣನ ಪಾದದ ಬಳಿ. ದಿಂಡಿಗಲ್ಲಿನ ಹೂವಿನ ಪೇಟೆಯಲ್ಲಿ ರಾಶಿ ರಾಶಿಯಾಗಿ ಸುರಿಯುವ ಚೆಂಡುಹೂವಿನ ಒಂದು ಬಗೆಗೆ ತಮಿಳಿನಲ್ಲಿ ತುಲುಕ್ಕ ಸೇವಂತಿ ಎಂದೇ ಹೆಸರು. ದೇವರ ಪಾದದಲ್ಲಿಯೂ ಹೂವಿನ ಬುಟ್ಟಿಯಲ್ಲಿಯೂ ಇರುವ ಪದ ನಮ್ಮ ಜಗುಲಿಯಲ್ಲಿ ಬೈಗುಳವಾದದ್ದು ಹೇಗೆ? ಈ ಒಂದು ಪ್ರಶ್ನೆಯ ಬೆನ್ನು ಹತ್ತಿದರೆ ಹತ್ತು ನಿಮಿಷದ ಒಳ್ಳೆಯ ವಿಡಿಯೊ ಆಗುತ್ತದೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ದಿಂಡಿಗಲ್ ಎಂದೊಡನೆ ನಮ್ಮವರಿಗೆ ಹೈದರಾಲಿ ನೆನಪಾಗುತ್ತಾನೆ. 1755ರಲ್ಲಿ ಮೈಸೂರಿನ ಪರವಾಗಿ ಅವನು ಇಲ್ಲಿಯ ಫೌಜುದಾರನಾದ. ಅವನ ಏಳಿಗೆ ಶುರುವಾದದ್ದೇ ಈ ಬಂಡೆಯ ಮೇಲಿನ ಕೋಟೆಯಿಂದ. ಅವನ ತಂಗಿಯ ಸಮಾಧಿಯಿರುವ ಬೇಗಂಪುರ ಇಂದಿಗೂ ಊರಿನ ಒಂದು ಭಾಗ. ಶಿವಗಂಗೆಯ ರಾಣಿ ವೇಲುನಾಚ್ಚಿಯಾರ್ ಕಂಪನಿ ಮತ್ತು ನವಾಬನ ಪಡೆಗಳಿಂದ ತಪ್ಪಿಸಿಕೊಂಡು ದಿಂಡಿಗಲ್ಲಿನ ಹತ್ತಿರದ ವಿರೂಪಾಕ್ಷಿಯಲ್ಲಿ ಆಶ್ರಯ ಪಡೆದು, ಹೈದರನ ನೆರವಿನಿಂದ 1780ರಲ್ಲಿ ತನ್ನ ನಾಡನ್ನು ಮರಳಿ ಗೆದ್ದಳು. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ದಿಂಡಿಗಲ್ ಕಂಪನಿಯ ಪಾಲಾಯಿತು. ಮೈಸೂರಿನೊಡನೆ ನಮ್ಮ ನೆಲದ ನೇರ ನಂಟು ಅಲ್ಲಿಗೆ ಕಡಿಯಿತು.

ವಿಡಿಯೊ ಮಾಡುವ ಹುಡುಗರಿಗೆ ಈ ಕಥೆ ತಟ್ಟನೆ ಕೈಗೆ ಸಿಗುತ್ತದೆ. ರಾಣಿಯನ್ನು ಕಾಪಾಡಿದ ಮುಸಲ್ಮಾನ ದೊರೆ! ಕಥೆ ನಿಜ, ಹೇಳತಕ್ಕದ್ದೂ ಹೌದು. ಆದರೆ ಅದನ್ನು ಸಾಕ್ಷಿಯಾಗಿ ನಿಲ್ಲಿಸುವಾಗ ಜೋಕೆ. ಒಳ್ಳೆಯ ದೊರೆಯ ಪುಣ್ಯವನ್ನು ಇಂದಿನ ನೆರೆಯವನ ಲೆಕ್ಕಕ್ಕೆ ಜಮೆ ಮಾಡಿದರೆ, ಕೆಟ್ಟ ದೊರೆಯ ಪಾಪವನ್ನೂ ಅವನ ಲೆಕ್ಕಕ್ಕೆ ಬರೆಯಲು ಬೇರೊಬ್ಬನಿಗೆ ಅನುಮತಿ ಕೊಟ್ಟಂತೆ. ದೊರೆಗಳ ವ್ಯವಹಾರ ದೊರೆಗಳಿಗೆ. ಬೀಡಿ ಕಟ್ಟುವ, ತೊಗಲು ಹದ ಮಾಡುವ, ಏಲಕ್ಕಿ ಮಾರುವ ಮುಸಲ್ಮಾನ ತನ್ನ ಗೌರವಕ್ಕೆ ಹೈದರನ ಶಿಫಾರಸು ತರಬೇಕಿಲ್ಲ.

ಈ ಮಾತು ನಮಗಿಂತ ಚೆನ್ನಾಗಿ ಯಾರಿಗೆ ಅರ್ಥವಾಗಬೇಕು? 1991ರ ಡಿಸೆಂಬರಿನಲ್ಲಿ, ಮತ್ತೆ 2016ರ ಸೆಪ್ಟೆಂಬರಿನಲ್ಲಿ, ಕಾವೇರಿಯ ಹೆಸರಿನಲ್ಲಿ ಬೆಂಗಳೂರಿನಲ್ಲಿ ತಮಿಳರ ಮೇಲೆ ಹಿಂಸೆ ನಡೆದಾಗ ನಮ್ಮ ಹಿರಿಯರು ಬಸ್ಸಿನಲ್ಲಿ, ಸಂತೆಯಲ್ಲಿ ಕನ್ನಡದ ದನಿ ತಗ್ಗಿಸಿದರು. ಯಾರೋ ಎಲ್ಲಿಯೋ ಮಾಡಿದ ಕೃತ್ಯಕ್ಕೆ ನಾವು ಇಲ್ಲಿ ಉತ್ತರ ಹೇಳಬೇಕಾದ ಇಕ್ಕಟ್ಟನ್ನು ಕಂಡಿದ್ದೇವೆ. ನಾಲ್ಕು ನೂರು ವರ್ಷ ಇಲ್ಲಿಯ ಮಣ್ಣನ್ನು ಉತ್ತವರೂ ‘ನೀವು ಯಾರ ಕಡೆ?’ ಎಂಬ ನೋಟವನ್ನು ತಪ್ಪಿಸಿಕೊಳ್ಳಲಾಗಲಿಲ್ಲ. ಆ ನೋಟ ಕೆಲವು ವಾರಗಳಲ್ಲಿ ಮರೆಯಾಯಿತು. ಮುಸಲ್ಮಾನ ನೆರೆಯವನ ಮೇಲೆ ಅದು ವರ್ಷವಿಡೀ ಇರುತ್ತದೆ. ವ್ಯತ್ಯಾಸ ಅಷ್ಟೇ.

ಈಗ ನಾವು ಹೇಳಲೇಬೇಕಾದ, ಆದರೆ ಹೇಳಲು ಹಿಂಜರಿಯುವ ಮಾತಿಗೆ ಬಂದೆವು. ನಮ್ಮಲ್ಲಿ ಪೂರ್ವಗ್ರಹ ಯಾವ ಭಾಷೆಯಲ್ಲಿ ಮಾತಾಡುತ್ತದೆ? ಕನ್ನಡದಲ್ಲಿ. ಬೀದಿಯಲ್ಲಿ, ಪೇಟೆಯಲ್ಲಿ, ಮದುವೆ ಮನೆಯಲ್ಲಿ ನಾವು ರಾವುತ್ತರೊಡನೆ ತಮಿಳಿನಲ್ಲಿ ಸೌಜನ್ಯದಿಂದ ಮಾತಾಡುತ್ತೇವೆ. ಬಾಗಿಲು ದಾಟಿ ಒಳಗೆ ಬಂದೊಡನೆ, ಕೆಲವೊಮ್ಮೆ ಅವರ ಎದುರಿಗೇ, ಅವರಿಗೆ ತಿಳಿಯದ ನಮ್ಮ ಮನೆಮಾತಿನಲ್ಲಿ ಬೇರೆಯದನ್ನು ಆಡುತ್ತೇವೆ. ಬಾಡಿಗೆಗೆ ಮನೆ ಕೇಳಿ ಬಂದವರನ್ನು ನಿಲ್ಲಿಸಿಕೊಂಡು, ‘ಕೊಡುವುದು ಬೇಡ’ ಎಂದು ಒಳಗಿನವರಿಗೆ ಕನ್ನಡದಲ್ಲಿ ಹೇಳಿ, ‘ಆಗಲೇ ಮಾತಾಗಿಬಿಟ್ಟಿದೆ’ ಎಂದು ಹೊರಗಿನವರಿಗೆ ತಮಿಳಿನಲ್ಲಿ ಹೇಳಿದ್ದನ್ನು ನಾವು ಕೇಳಿದ್ದೇವೆ. ಕೇಳಿ ಸುಮ್ಮನೆ ಕಾಫಿ ಕುಡಿದಿದ್ದೇವೆ. ನಾಡಿನಿಂದ ನೂರಾರು ಮೈಲಿ ದೂರದಲ್ಲಿ, ಶಾಲೆಯಿಲ್ಲದೆ, ಅಕ್ಷರವಿಲ್ಲದೆ, ಅವ್ವಂದಿರ ಬಾಯಲ್ಲಿ ಉಳಿದು ಬಂದ ಭಾಷೆಯೆಂದು ನಾವು ಪ್ರತಿ ಸಮಾವೇಶದಲ್ಲೂ ಹೆಮ್ಮೆ ಪಡುತ್ತೇವೆ. ಆ ಭಾಷೆ ತಿರಸ್ಕಾರವನ್ನು ಬಚ್ಚಿಡುವ ಕೋಣೆಯೂ ಆಗಿದೆ ಎಂಬುದನ್ನು ಒಪ್ಪಿಕೊಳ್ಳದೆ ಆ ಹೆಮ್ಮೆ ಪೂರ್ತಿಯಾಗದು.

ಆದುದರಿಂದ ನಮ್ಮ ವಿದ್ಯಾರ್ಥಿಗಳು ಮಾಡುವ ವಿಡಿಯೊ ತಮಿಳಿನಲ್ಲಿಯೋ ಇಂಗ್ಲಿಷಿನಲ್ಲಿಯೋ ಇರುವುದು ಸಾಲದು. ಅದು ನಮ್ಮ ಮನೆಯ ಕನ್ನಡದಲ್ಲಿ, ತಮಿಳು ಬೆರೆತ, ಪುಸ್ತಕದ ಹೊಳಪಿಲ್ಲದ ಆ ಕನ್ನಡದಲ್ಲಿಯೇ ಇರಬೇಕು. ಯಾಕೆಂದರೆ ಅದರ ನೋಡುಗ ಊರಲ್ಲ, ಮನೆ. ಅಡಿಯಲ್ಲಿ ತಮಿಳು ಬರಹ ಕೊಡಲಿ. ಆಗ ಪಕ್ಕದ ಬೀದಿಯ ರಾವುತ್ತರ ಹುಡುಗ ಮೊದಲ ಬಾರಿಗೆ ನಾವು ಏನಾಡುತ್ತೇವೆಂಬುದನ್ನು ಓದುತ್ತಾನೆ. ಅದರ ಭಯ ನಮಗೆ ಆಗುತ್ತದೆಯಾದರೆ ವಿಡಿಯೊ ಸರಿಯಾದ ಜಾಗವನ್ನು ಮುಟ್ಟಿದೆ ಎಂದೇ ಅರ್ಥ.

ಇಷ್ಟು ಹೇಳಿದ ಮೇಲೆ ಮೂರು ಸಣ್ಣ ಸಲಹೆಗಳನ್ನು ಕೊಡುವ ಸಲಿಗೆ ತೆಗೆದುಕೊಳ್ಳುತ್ತೇವೆ. ಕ್ಯಾಮೆರಾವನ್ನು ಮೊದಲು ನಮ್ಮ ಕಡೆಗೆ ತಿರುಗಿಸಿ. ಮುಸಲ್ಮಾನರನ್ನು ಕೂರಿಸಿ ‘ನಿಮಗೆ ನೋವಾಗಿದೆಯೇ’ ಎಂದು ಕೇಳುವುದು ಸುಲಭ. ಅಜ್ಜಿಯನ್ನು ಕೂರಿಸಿ ಹೊಂಗೆಮರದ ಕಥೆ ಹೇಳಿಸಿ, ‘ಅಜ್ಜಿ, ಅಟ್ಟಿಕೊಂಡು ಬಂದವರ ಹೆಸರೇನು?’ ಎಂದು ಪ್ರೀತಿಯಿಂದ ಕೇಳುವುದು ಕಷ್ಟ. ಎರಡನೆಯದು, ತಂಡದಲ್ಲಿ ಮುಸಲ್ಮಾನ ಸಹಪಾಠಿಗಳಿದ್ದರೆ ಅವರು ಕ್ಯಾಮೆರಾದ ಮುಂದೆ ಮಾತ್ರವಲ್ಲ, ಹಿಂದೆಯೂ ಇರಲಿ. ಯಾವುದನ್ನು ಕತ್ತರಿಸಬೇಕು, ಯಾವುದನ್ನು ಉಳಿಸಬೇಕೆಂಬ ತೀರ್ಮಾನದಲ್ಲಿ ಅವರಿಗೆ ಪಾಲಿರಲಿ. ಮೂರನೆಯದು, ಕೊನೆಯಲ್ಲಿ ಎಲ್ಲವನ್ನೂ ಸರಿಪಡಿಸಿಬಿಡುವ ಆತುರ ಬೇಡ. ಗುಲಾಬಿಯ ದೋಣಿ ಹಿಂದಿರುಗುವುದಿಲ್ಲ, ಆದ್ದರಿಂದಲೇ ಅವಳು ನಮ್ಮ ನಿದ್ದೆ ಕೆಡಿಸುತ್ತಾಳೆ.

ವಿದ್ಯಾರ್ಥಿಗಳಿಗೆ ಸಲಹೆ ಕೊಟ್ಟು ಹಿರಿಯರು ಎದ್ದು ಹೋಗುವಂತಿಲ್ಲ. ಇಂಥ ವಿಡಿಯೊ ಬಂದರೆ ಅದನ್ನು ತೋರಿಸಲು ಸಂಘದ ವೇದಿಕೆಯಲ್ಲಿ ಜಾಗವಿದೆಯೇ? ಹಾಡು, ಕುಣಿತ, ಸನ್ಮಾನಗಳ ನಡುವೆ ಹತ್ತು ನಿಮಿಷ ನಮ್ಮನ್ನೇ ನಮಗೆ ತೋರಿಸುವ ಚಿತ್ರಕ್ಕೆ ದೀಪ ಆರಿಸಿ ಕೂರುತ್ತೇವೆಯೇ? ಮುಂದಿನ ಸಮಾವೇಶಕ್ಕೆ ಕಂಬಂ ಮತ್ತು ಉತ್ತಮಪಾಳೆಯದ ರಾವುತ್ತರ ಮನೆಗಳಿಗೂ ಕರೆಯೋಲೆ ಹೋಗಲಿ ಎಂಬುದು ನಮ್ಮ ಸೂಚನೆ. ಅವರು ಬಂದರೆ ಮುಂದಿನ ಸಾಲಿನಲ್ಲಿ ಅವರೊಡನೆ ಕುಳಿತು ನಾವು ಆ ವಿಡಿಯೊವನ್ನು ನೋಡಬೇಕು. ಪರದೆಯ ಮೇಲೆ ನಮ್ಮ ಕನ್ನಡ ಕೇಳಿಸಿದಾಗ, ಅದರ ಅರ್ಥವೇನೆಂದು ಅವರು ತಿರುಗಿ ಕೇಳಿದರೆ, ಇದ್ದದ್ದನ್ನು ಇದ್ದಂತೆ ಹೇಳುವಷ್ಟು ಸಿದ್ಧತೆಯನ್ನು ಆ ಹೊತ್ತಿಗೆ ಮಾಡಿಕೊಂಡಿರಬೇಕು.